ಮೇಡಂಗೆ ಹೇಳಿದವನು

"ತೋಳು ಮೇಲೆ ಮಾಡು."

ಪ್ರಣಿತಾ ಅಲುಗಾಡಲಿಲ್ಲ.

ಕಾರವಾರದ ಆ ನರ್ಸಿಂಗ್ ಕಾಲೇಜಿನಲ್ಲಿ ಅಂದು ಬಿ.ಪಿ. ನೋಡುವ ಪಾಠ. ಜೋಡಿಯಾಗಿ ಕೂತು ಒಬ್ಬರದ್ದು ಇನ್ನೊಬ್ಬರು ನೋಡಬೇಕು. ಅವಳಿಗೆ ಜೋಡಿಯಾದವನು ಕದ್ರಾದ ಭರತ. ಅಲ್ಲಿಯವರೆಗೆ ಅವಳೊಂದಿಗೆ ಒಂದು ಮಾತೂ ಆಡದವನು.

ಏಪ್ರಿಲ್ ಸೆಕೆಯಲ್ಲೂ ಸ್ವೆಟರ್ ತೊಟ್ಟವಳನ್ನು ನೋಡಿ ಹಿಂದಿನ ಹುಡುಗಿಯರು ಕಿಸಕ್ಕನೆ ನಕ್ಕರು.

ಭರತ ತಾನೇ ಸ್ವೆಟರಿನ ತೋಳು ಮೇಲೆ ಸರಿಸಿದ. ಒಳಗೆ ಗಾಯಗಳು. ಬಿದ್ದು ಆದದ್ದಲ್ಲ, ಅವಳೇ ಮಾಡಿಕೊಂಡದ್ದು.

'ಮುಗೀತು... ಈಗ ಎಲ್ಲರಿಗೂ ಗೊತ್ತಾಗ್ತದೆ...'

ಅವನು ಮೆಲ್ಲಗೆ ತೋಳು ಇಳಿಸಿದ. "ನೂರ ಹತ್ತು, ಎಪ್ಪತ್ತು, ಮೇಡಂ," ಎಂದು ಸುಳ್ಳು ಹೇಳಿದ.

ಅಂದಿನಿಂದ ಊಟದ ಹೊತ್ತಿಗೆ ಅವಳೆದುರು ಬಂದು ಕೂರತೊಡಗಿದ. ಇಂಗ್ಲಿಷ್ ಪಾಠ ತಲೆಗೆ ಹತ್ತುವುದಿಲ್ಲ, ವಾರ್ಡಿನಲ್ಲಿ ಬರೀ ಬೈಗುಳ, ಹಬ್ಬುವಾಡದ ಹಾಸ್ಟೆಲಿನಲ್ಲಿ ಮಾತಿಗೊಂದು ಜನ ಇಲ್ಲ... ಎಲ್ಲವನ್ನೂ ಅವನಿಗೆ ಹೇಳಿದಳು. ಹೇಳುತ್ತ ಹೇಳುತ್ತ ಮನಸ್ಸನ್ನೂ ಕೊಟ್ಟುಬಿಟ್ಟಳು, ಪೆದ್ದಿ!

ಒಂದು ಮಧ್ಯಾಹ್ನ ಅವಳೆಂದಳು, "ನಾ ಇಲ್ದೇ ಹೋದ್ರೆ ಯಾರಿಗೂ ಗೊತ್ತೇ ಆಗುದಿಲ್ಲ, ಅಲ್ದಾ?"

ಭರತ ಅರ್ಧ ಊಟ ಬಿಟ್ಟು ಎದ್ದು ಹೋದ.

ಸಂಜೆಯೊಳಗೆ ಬಿ.ಪಿ. ಪಾಠ ಮಾಡಿದ್ದ ವಿಜೇತಾ ಮೇಡಂ ಹಾಸ್ಟೆಲಿಗೇ ಬಂದರು. ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಅಂಕೋಲೆಯ ಬೆಳಂಬಾರದಿಂದ ಅವಳ ಅವ್ವಿ ಹೊನ್ನಮ್ಮನನ್ನು ಕರೆಸಿದರು.

'ಅವನೊಬ್ಬನನ್ನು ನಂಬಿದ್ದೆ... ಅವನೇ ಹೇಳಿಬಿಟ್ಟ.'

ಅವ್ವಿಯ ಜೊತೆ ಬೆಳಂಬಾರದ ಮನೆಗೆ ಬಂದ ಮೇಲೆ ಮಾತ್ರೆ, ನಿದ್ದೆ, ಮತ್ತೆ ಮಾತ್ರೆ. ಅವ್ವಿ ಕೂಲಿ ಬಿಟ್ಟು ಪಕ್ಕದಲ್ಲೇ ಕೂತಳು. ಬೈಯಲಿಲ್ಲ. ಅದಕ್ಕೇ ಪ್ರಣಿತಾಗೆ ಇನ್ನಷ್ಟು ಅಳು ಬರುತ್ತಿತ್ತು.

ಪಕ್ಕದ ಮನೆಗೆ ಭರತನ ಫೋನ್ ಬಂದರೆ ಅವಳು ಹೋಗುತ್ತಿರಲಿಲ್ಲ. ಬಾರದ ದಿನ ಮಾತ್ರ ಕತ್ತಲಾಗುವವರೆಗೂ ಬಾಗಿಲಲ್ಲೇ ಕೂತಿರುತ್ತಿದ್ದಳು.

ಕೊನೆಗೆ ಅವನೇ ಬಂದ. ಅವ್ವಿ ನೀರು ಬೆಲ್ಲ ಕೊಟ್ಟು, "ಮಾತಾಡಿ ಮಗಾ," ಎಂದು ಒಳಗೆ ಹೋದಳು.

"ನೀನೇ ಹೇಳ್ದೆ ಅಲ್ದಾ?"

ಇಲ್ಲ ಅನ್ನಲಿ ದೇವರೇ ಎಂದು ಅವಳ ಜೀವ ಒದ್ದಾಡಿತು.

"ಹೌದು. ನಾನೇ ಹೇಳ್ದೆ."

"ಎಂತಕ್ಕೆ?"

"ಹೆದರಿಕೆ ಆಯ್ತು. ನಾ ಸುಮ್ನಿದ್ದು, ನಿಂಗೆ ಎಂತಾದ್ರೂ ಆಗಿದ್ರೆ? ನೀ ನನ್ನ ಜನ್ಮಪೂರ್ತಿ ಬೈತಾ ಇರು. ಆದ್ರೆ ಇರು. ನೀ ಅಂದ್ರೆ ನಂಗೆ ಜೀವ, ಪ್ರಣಿತಾ. ಮತ್ತೆ ಹಂಗಾದ್ರೆ, ಮತ್ತೂ ಹೇಳ್ತೆ."

ತಾನು ಇಲ್ಲದೇ ಹೋದರೆ ಹೀಗೆ ಹೆದರುವವನೊಬ್ಬನಿದ್ದಾನೆ... ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ತಡೆಯಲಿಲ್ಲ, ಎದ್ದೂ ಹೋಗಲಿಲ್ಲ.

"ಇನ್ನೊಂದ್ ಸಲ ಹಂಗನಿಸಿದ್ರೆ," ಎಂದಳು ಕಣ್ಣೊರೆಸಿಕೊಂಡು, "ನಾನೇ ಮೇಡಂಗೆ ಹೇಳ್ತೆ. ನೀ ಜೊತೆಗೆ ಬರ್ಬೇಕು."

"ಬರ್ತೆ, ಮಾರಾಯ್ತಿ. ಎಲ್ಲಿಗಾದ್ರೂ ಬರ್ತೆ."