ಅಜ್ಜಿಯ ಭತ್ತಕ್ಕೆ ಕಂಪನಿ ಚೀಲ

"ಯಾರೇ ಈ ಕೆಲ್ಸ ಮಾಡ್ದೋರು?"

ಕುಮಾರ್ ಚಿಕ್ಕಪ್ಪನ ಕೂಗಿಗೆ ತನುಶ್ರೀಯ ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಜಗಲಿಯ ಮೇಲೆ ಬಣ್ಣಬಣ್ಣದ ಚೀಲಗಳು ನಿಂತಿದ್ದವು. ಕೇರಿಯಲ್ಲೆಲ್ಲ ತಿರುಗಿ ತಂದ ಕಂಪನಿ ಭತ್ತದ ಖಾಲಿ ಚೀಲಗಳಿಗೆ ಅವಳು ಅಜ್ಜಿಯ ಬಿತ್ತನೆ ಭತ್ತ ತುಂಬಿ, ಬಾಯಿಗೆ ಟೇಪು ಅಂಟಿಸಿದ್ದಳು.

"ಅಜ್ಜಿ ಬೀಜ ಹರಕಲು ಗೋಣಿಲಿತ್ತು ಚಿಕ್ಕಪ್ಪ. ನಂಗೆ ನಾಚ್ಕೆ ಆಗ್ತಿತ್ತು. ಅಜ್ಜಿ ಬೆಳ್ದಿರೋದೂ ಅದೇ ಕಂಪನಿ ತಳಿ ತಾನೇ?"

"ಅದ್ಕೇ ಕಣೆ ಭಯ! ಕಂಪನಿಯೋರು ನೋಡುದ್ರೆ ಕೇಸ್ ಆಕ್ತಾರೆ. ಅವ್ವಾ, ಇನ್ಮೇಲೆ ಯಾರ್ಗೂ ಬೀಜ ಮಾರೋದೇ ಬ್ಯಾಡ ಬುಡು."

ಮೊರದಲ್ಲಿ ಭತ್ತ ಕೇರುತ್ತಿದ್ದ ಅಜ್ಜಿ ಚಿಕ್ಕಬೋರಮ್ಮನ ಕೈ ಹಾಗೇ ನಿಂತಿತು. ಅಜ್ಜಿ ಬೈದಿದ್ದರೂ ತನುಶ್ರೀಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಭತ್ತ ಹಣ್ಣಾಗುವ ಹೊತ್ತಿಗೆ ಅಜ್ಜಿ ಗದ್ದೆಗಿಳಿಯುವುದನ್ನು ನೋಡಬೇಕು! ಉದ್ದ ಬೆಳೆದದ್ದು, ಬಣ್ಣ ಬೇರೆಯಾದದ್ದು, ಒಂದು ಬೆರಕೆ ತೆನೆಯೂ ಅವಳ ಕಣ್ಣು ತಪ್ಪಿಸುವುದಿಲ್ಲ. ಎಲ್ಲ ಕಿತ್ತು ಹಾಕಿ, ಉಳಿದದ್ದನ್ನು ಬೇರೆಯಾಗಿ ಬಡಿದು ಒಣಗಿಸಿ, ಬೇವಿನ ಸೊಪ್ಪು ಬೆರೆಸಿ ಎತ್ತಿಡುತ್ತಾಳೆ. ಈಗ ನಾಲೆಗೆ ನೀರು ಬಂದಿತ್ತು. ಎದುರು ಮನೆಯ ಮಾರಮ್ಮ ಒಟ್ಲು ಹಾಕಿ ಸಸಿ ಬೆಳೆಸಲು ಈ ಬೀಜಕ್ಕೇ ಕಾದಿದ್ದಳು.

ತನುಶ್ರೀ ಒಂದು ಖಾಲಿ ಚೀಲ ಹಿಡಿದು ಶೀಳನೆರೆಯ ರೈತ ಸಂಪರ್ಕ ಕೇಂದ್ರಕ್ಕೆ ಓಡಿದಳು. ಅಲ್ಲಿನ ಆಫೀಸರ್ ಚೈತ್ರ ಮೇಡಂ ಎದುರು ಎಲ್ಲವನ್ನೂ ಬಡಬಡನೆ ಹೇಳಿಬಿಟ್ಟಳು.

"ನಮ್ಮಜ್ಜಿನ ಜೈಲಿಗೆ ಹಾಕ್ತಾರಾ ಮೇಡಂ?"

"ಇಲ್ಲ ಪುಟ್ಟಿ," ಮೇಡಂ ನಕ್ಕರು. "ಬೆಳೆದ ಬೀಜ ಎತ್ತಿಡೋದು, ಮತ್ತೆ ಬಿತ್ತೋದು, ಹಂಚೋದು, ಮಾರೋದು, ಎಲ್ಲಾ ರೈತರ ಹಕ್ಕು. ಕಾನೂನಲ್ಲೇ ಇದೆ. ತಳಿ ಕಂಪನಿ ಹೆಸರಲ್ಲಿ ರಿಜಿಸ್ಟರ್ ಆಗಿದ್ರೂ ಸರಿ."

"ಮತ್ತೆ ಚಿಕ್ಕಪ್ಪ ಹೇಳಿದ್ದು?"

"ಅದರಲ್ಲಿ ಅರ್ಧ ನಿಜ. ಕಂಪನಿ ಹೆಸರಿರೋ ಚೀಲದಲ್ಲಿ ತುಂಬಿ ಮಾರೋ ಹಾಗಿಲ್ಲ. ಯಾರಿಗೂ ಮಾರಿಲ್ವಲ್ಲ?"

"ಇನ್ನೂ ಇಲ್ಲ!"

"ಹಾಗಾದ್ರೆ ಓಡು. ಮೊದಲು ಎಲ್ಲಾ ಸುರಿದುಬಿಡು."

ಮನೆಗೆ ಬಂದವಳೇ ಟೇಪು ಕಿತ್ತು, ಭತ್ತವನ್ನೆಲ್ಲ ಗೋಣಿಗೆ ಸುರಿದಳು. ಮೇಡಂ ಹೇಳಿದ್ದನ್ನು ಕೇಳಿ ಚಿಕ್ಕಪ್ಪ ತಲೆ ಕೆರೆದುಕೊಂಡ.

"ಅಂಗಾ? ಸರಿ ಬುಡು," ಎಂದು ತಾನೇ ಗೋಣಿಯ ಬಾಯಿ ಹಿಡಿದು ನಿಂತ. ಅಜ್ಜಿಯ ಮೊರ ಮತ್ತೆ ಸದ್ದು ಮಾಡತೊಡಗಿತು.

ಸಂಜೆ ಮಾರಮ್ಮ ಬಂದಾಗ ತನುಶ್ರೀಗೆ ಒಳಗೊಳಗೇ ಅಳುಕು. "ಮಾರಮ್ಮಜ್ಜಿ, ಕಂಪನಿ ಚೀಲ ಇಲ್ಲ. ಬರೀ ಗೋಣಿಲಿರೋದು."

"ನಾನೇನ್ ಚೀಲನಾ ಮಗಾ ಬಿತ್ತೋದು? ಚಿಕ್ಕಬೋರಕ್ಕ, ಅಳೆದು ಆಕು."

ಸಂತೆಯಲ್ಲಿ ಒಂದು ಬದನೆಕಾಯಿ ಕೊಳ್ಳಬೇಕಾದರೂ ಹತ್ತು ಸಲ ತಿರುಗಿಸಿ ನೋಡುವ ಹೆಂಗಸು ಮಾರಮ್ಮ. ಈಗ ಒಂದು ಹಿಡಿ ಭತ್ತ ಎತ್ತಿಯೂ ನೋಡಲಿಲ್ಲ. ಅಳೆದು ಹಾಕಿದ್ದನ್ನು ಕಟ್ಟಿಕೊಂಡು ಹೊರಟೇಬಿಟ್ಟಳು.

ತನುಶ್ರೀ ಅವಳು ಹೋದ ದಾರಿಯನ್ನೇ ನೋಡಿದಳು. ಆಮೇಲೆ ಬಂದು ಅಜ್ಜಿಯ ಪಕ್ಕ ಕೂತಳು.

"ಏನೇ ಅಂಗ್ ನೋಡ್ತೀಯಾ ನನ್ನ?"

"ಏನಿಲ್ಲ ಅಜ್ಜಿ," ಎಂದು ಅವಳು ಇನ್ನಷ್ಟು ಹತ್ತಿರ ಸರಿದಳು.