ಶಾಲೆಯ ಗೇಟಿಗೆ ಬರುವ ಚುಕ್ಕಿ

ಜುಲೈ ಎಂಟು, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಬಾಳೂರು ಠಾಣೆಗೆ ರೇಣುಕಪ್ರಸಾದ್ ಎಂಬವರು ದೂರು ತಂದರು. ಹ್ಯಾಮ್ ರೇಡಿಯೋ ಹವ್ಯಾಸಿಗಳ ಸಂಘದ ಕಾರ್ಯದರ್ಶಿ. ಗುಡ್ಡ ಜರಿದಾಗ ನೆರವಿಗೆ ಓಡುವ ಸಂಘದ ಜೀಪಿನಿಂದ, ಹೋದ ವಾರ, ಟ್ರ್ಯಾಕರ್ ಕಳವಾಗಿತ್ತು.

"ಟ್ರ್ಯಾಕರ್ ಅಂದ್ರೆ?" ಪಿಎಸ್‌ಐ ಗಾನಶ್ರೀ ಕೇಳಿದರು.

"ಮುಷ್ಟಿಯಷ್ಟು ಡಬ್ಬಿ ಮೇಡಂ. ಜೀಪು ಎಲ್ಲಿದೆ ಅಂತ ರೇಡಿಯೋದಲ್ಲಿ ಹೇಳ್ತಾ ಇರುತ್ತೆ. ಗುಡ್ಡದ ಮೇಲಿರೋ ನಮ್ಮ ರಿಸೀವರ್ ಕೇಳಿಸ್ಕೊಂಡು ಇಂಟರ್ನೆಟ್ಟಿಗೆ ಕಳಿಸುತ್ತೆ. ಮೊಬೈಲ್ ಸಿಗದ ಜಾಗದಲ್ಲೂ ನಮ್ಮವರು ಮ್ಯಾಪಲ್ಲಿ ಕಾಣ್ತಾರೆ. ಈ ಮಳೇಲಿ ಅದಿಲ್ದೆ ಅವರನ್ನ ಕಳಿಸೋಕೆ ಧೈರ್ಯ ಇಲ್ಲ."

"ಈಗ ಎಲ್ಲಿದೆ?"

ಅವರು ಫೋನು ಮುಂದಿಟ್ಟರು. ಮ್ಯಾಪಿನಲ್ಲಿ ಒಂದು ಕೆಂಪು ಚುಕ್ಕಿ. "ಬಾಳೂರಲ್ಲೇ. ದಿನಾ ಓಡಾಡ್ತಾ ಇದೆ."

ಹೆಡ್ ಕಾನ್‌ಸ್ಟೇಬಲ್ ಲಿಂಗಪ್ಪ ನಕ್ಕ. "ಕದ್ದ ಮಾಲೇ ಅಡ್ರೆಸ್ ಕೊಡ್ತಿದೆ! ಇಂಥ ಕಳ್ಳರೇ ಸಿಕ್ರೆ ನಮಗೆ ಪ್ರಮೋಷನ್ ಗ್ಯಾರಂಟಿ ಮೇಡಂ."

ಎಫ್‌ಐಆರ್ ದಾಖಲಾಯಿತು. ಗಾನಶ್ರೀ ಚುಕ್ಕಿ ಓಡಾಡಿದ ದಾರಿಯನ್ನು ತೆಗೆಸಿ ನೋಡಿದರು. ಬೆಳಿಗ್ಗೆ ಬಾಳೂರಿನಿಂದ ಹೊರಟು ಬಣಕಲ್ ಶಾಲೆಯ ಮುಂದೆ ನಿಲ್ಲುತ್ತದೆ, ವಾಪಸಾಗುತ್ತದೆ. ಸಂಜೆ ನಾಲ್ಕಕ್ಕೆ ಮತ್ತೆ ಅಲ್ಲಿಗೇ. ಶನಿವಾರ ಮಧ್ಯಾಹ್ನಕ್ಕೇ ಮುಗಿಸಿದೆ. ಭಾನುವಾರ ಅಲುಗಿಯೇ ಇಲ್ಲ.

"ಭಾನುವಾರ ರಜೆ ತಗೊಳ್ಳೋ ಕಳ್ಳನ್ನ ಇವತ್ತೇ ನೋಡಿದ್ದು ಮಾರಾಯ್ರೆ," ಎಂದ ಲಿಂಗಪ್ಪ.

ಗಾನಶ್ರೀ ನಗಲಿಲ್ಲ. ಚುಕ್ಕಿಯನ್ನು ಒತ್ತಿದಾಗ ಒಂದು ಕಾಲ್‌ಸೈನ್ ಮೂಡಿತು. "ಇದು ಯಾರದ್ದು?"

ರೇಣುಕಪ್ರಸಾದ್ ಕನ್ನಡಕ ತೆಗೆದು ಒರೆಸಿಕೊಂಡರು. "ಪಂಚಮಿ ಅಂತ, ನಮ್ಮ ಸಂಘದವರು. ಆ ಶಾಲೇಲಿ ಟೀಚರ್. ಡಬ್ಬಿ ಜೋಡಿಸಿದ್ದು ಅವ್ರೇ, ಅದಕ್ಕೇ ಅವರ ಕಾಲ್‌ಸೈನ್, ಅಂದ್ರೆ ರೇಡಿಯೋದಲ್ಲಿ ಅವರನ್ನ ಕರೆಯೋ ಹೆಸರು. ಮಾರ್ಚಲ್ಲಿ ತೀರ್ಕೊಂಡ್ರು. ನಮ್ಮೋರು ಯಾರಾದ್ರೂ ಹೋದ್ರೆ ಅವರ ಕಾಲ್‌ಸೈನ್ ರೇಡಿಯೋದಲ್ಲಿ ಮೂರು ಸಲ ಕರೀತೀವಿ. ಉತ್ತರ ಬರ್ದಿದ್ರೆ ಅಲ್ಲಿಗೆ ಮುಗೀತು. ಬರೋ ಭಾನುವಾರ ಕರೆದು, ಡಬ್ಬಿಗೆ ಸಂಘದ ಕಾಲ್‌ಸೈನ್ ಹಾಕೋದಿತ್ತು."

"ಅವರನ್ನ ಶಾಲೆಗೆ ಬಿಡ್ತಿದ್ದೋರು?"

"ಗಂಡ. ವಿವೇಕ." ಕನ್ನಡಕ ಮತ್ತೆ ಹಾಕಿಕೊಂಡರು. "ಅವನ ಬಾಗಿಲು ತಟ್ಟೋಕೆ ನನ್ನಿಂದ ಆಗ್ಲಿಲ್ಲ ಮೇಡಂ. ಅದಕ್ಕೇ ಇಲ್ಲಿಗೆ ಬಂದೆ."

ನಾಲ್ಕು ಗಂಟೆಗೆ, ಗಾನಶ್ರೀ ಮತ್ತು ಲಿಂಗಪ್ಪ ಕಾಯುತ್ತಿದ್ದ ಶಾಲೆಯ ಗೇಟಿನ ಬಳಿ ವಿವೇಕನ ಹಳೆಯ ಜೀಪು ಬಂದು ನಿಂತಿತು. ಎಡಗಡೆ ಸೀಟಿನಲ್ಲಿ ಮಡಿಸಿಟ್ಟ ಹೆಂಗಸಿನ ಸ್ವೆಟರ್, ಅದರ ಮೇಲೆ ಡಬ್ಬಿ. ಗಂಟೆ ಹೊಡೆಯಿತು. ಕೊಡೆ ಹಿಡಿದ ಮಕ್ಕಳೆಲ್ಲ ಹೋಗುವವರೆಗೂ ವಿವೇಕ ಕಾದ. ಹೊರಡಲು ಕೀಲಿ ತಿರುಗಿಸಿದಾಗ ಗಾನಶ್ರೀ ಬಾಗಿಲ ಮೇಲೆ ಕೈಯಿಟ್ಟರು.

"ಯಾಕೆ ತೆಗೆದ್ರಿ?"

"ಭಾನುವಾರ ಅವಳನ್ನ ಕರೀತಾರಂತಲ್ಲ ಮೇಡಂ, ಉತ್ತರ ಬರ್ದಿದ್ರೆ ಮುಗೀತು ಅಂತ. ಚುಕ್ಕಿ ಓಡಾಡ್ತಿದ್ರೆ ಉತ್ತರ ಬಂದ ಹಾಗೇ ಅಂದ್ಕೊಂಡೆ."

"ಆಫ್ ಮಾಡಿ."

ಅವನ ಬೆರಳು ಸ್ವಿಚ್ಚಿನವರೆಗೆ ಹೋಗಿ ನಿಂತಿತು. "ಆಫ್ ಮಾಡಿದ್ರೆ ಕೊನೇಗೆ ಎಲ್ಲಿತ್ತೋ ಅಲ್ಲೇ ತೋರಿಸ್ತಾ ಇರುತ್ತೆ ಮ್ಯಾಪು. ಶಾಲೆ ಬಿಟ್ಟ ಮೇಲೂ ಅವಳನ್ನ ಇಲ್ಲೇ ಬಿಟ್ಟು ಹೋಗ್ಲಾ?"

ಲಿಂಗಪ್ಪ ರಸ್ತೆಯ ಕಡೆ ತಿರುಗಿಕೊಂಡ.

"ಇದರ ಚಾರ್ಜರ್ ಎಲ್ಲಿದೆ?" ಗಾನಶ್ರೀ ಕೇಳಿದರು.

"ಮನೇಲಿ."

"ಅದನ್ನೂ ವಶಕ್ಕೆ ತಗೋಬೇಕು. ಹಾಗಾದ್ರೆ ಪಂಚನಾಮೆ ಅಲ್ಲೇ ಆಗ್ಲಿ. ನಡೀರಿ."

ಬಾಳೂರಿನ ಮನೆಯಲ್ಲಿ, ಪಂಚರ ಎದುರು, ವಿವೇಕನೇ ಸ್ವಿಚ್ ಒತ್ತಿದ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದರು. ಅರೆಸ್ಟ್ ಮೆಮೊಗೆ ಅವನು ಸಹಿ ಹಾಕಿದ. ಠಾಣೆಯಲ್ಲಿ ರೇಣುಕಪ್ರಸಾದ್ ಕಾಯುತ್ತಿದ್ದರು.

"ಮೇಡಂ, ಜಾಮೀನಿಗೆ ದೂರು ಕೊಟ್ಟವನೇ ನಿಲ್ಬಹುದಾ?"

ಗಾನಶ್ರೀ ಕೇಸ್ ಡೈರಿ ಬರೆಯಲು ಕೂತರು. ಕಳವಿನ ಉದ್ದೇಶ ಎಂಬಲ್ಲಿ ಬರೆದರು: ಹೆಂಡತಿಯನ್ನು ಶಾಲೆಯಿಂದ ಮನೆಗೆ ಕರೆತರುವುದು.

ಲಿಂಗಪ್ಪ ಬಗ್ಗಿ ಓದಿದ. "ಮೇಲಿನ ಸಾಹೇಬ್ರು ಒಪ್ತಾರಾ ಮೇಡಂ?"

"ತನಿಖೇಲಿ ಕಂಡಿದ್ದು ಇಷ್ಟೇ ಲಿಂಗಪ್ಪ."