ಎಂಬತ್ತೆರಡು ಲಕ್ಷ ಚುಕ್ಕಿ

"ಎಂಬತ್ತೆರಡು ಲಕ್ಷದ ತೊಂಬತ್ತನಾಲ್ಕು ಸಾವಿರದ ನಾನೂರು," ಎಂದಳು ಲಾಯರಮ್ಮ.

ಟೀವಿ ಅಂಗಡಿಯ ಅಣ್ಣ ಗಾಬರಿಯಿಂದ ಅಪ್ಪನ ಕಡೆ ನೋಡಿದ. "ಅಷ್ಟೆಲ್ಲಾ ರೇಟಿಲ್ಲ ಸರ್!"

"ರೇಟಲ್ಲ ಅಣ್ಣಾ, ಚುಕ್ಕಿ. ಫೋರ್‌ಕೆ ಟೀವೀಲಿ ಇರೋ ಚುಕ್ಕಿ. ಫುಲ್ ಎಚ್‌ಡೀಲಿ ಬರೀ ಇಪ್ಪತ್ತು ಲಕ್ಷ ಚಿಲ್ಲರೆ. ನಾನೇ ಗುಣಿಸಿ ನೋಡಿದೀನಿ."

ಲಾಯರಮ್ಮನಿಗೆ ಹತ್ತು ವರ್ಷ. ಅವಳಿಗೆ ಸ್ಕೂಲಿನಲ್ಲಿ ಬೇರೆ ಹೆಸರಿತ್ತು. ಮನೆಯಲ್ಲಿ ಮಾತ್ರ ಎಲ್ಲರೂ ಕರೆಯುತ್ತಿದ್ದದ್ದು ಹೀಗೆ. ಹಲ್ಲುಜ್ಜು ಎಂದರೂ ಆಕೆ ಮೂರು ಪಾಯಿಂಟ್ ಹೇಳುತ್ತಿದ್ದಳು.

ಮನೆಯ ಹಳೇ ಟೀವಿ ಹದಿನೈದು ದಿನದ ಹಿಂದೆ ಕಣ್ಣು ಮುಚ್ಚಿತ್ತು. ಅಪ್ಪ ಬಸ್ ಡ್ರೈವರ್. ದಿನವಿಡೀ ಎಡಕ್ಕೋ ಬಲಕ್ಕೋ ಎಂದು ಯೋಚಿಸಿ ಯೋಚಿಸಿ ಮನೆಗೆ ಬಂದ ಮೇಲೆ ಅವನಿಗೆ ಏನನ್ನೂ ಆರಿಸಲು ಮನಸ್ಸಿರುತ್ತಿರಲಿಲ್ಲ. "ನೀನೇ ಓದಿದೀಯಲ್ಲ, ನೀನೇ ಆರಿಸು," ಎಂದುಬಿಟ್ಟಿದ್ದ. ಲಾಯರಮ್ಮ ನೋಟ್‌ಬುಕ್ಕಿನ ಒಂಬತ್ತು ಪುಟ ತುಂಬಿಸಿದ್ದಳು.

ಅಂಗಡಿಯ ಗೋಡೆ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಹಣ್ಣನ್ನು ತಿನ್ನುತ್ತಿತ್ತು.

"ಇದು ಓಎಲ್‌ಇಡಿ," ಎಂದ ಅಣ್ಣ. "ಪ್ರತಿ ಚುಕ್ಕೀನೂ ತಾನೇ ಬೆಳಗುತ್ತೆ. ಉಳಿದವಕ್ಕೆ ಹಿಂದೆ ಲೈಟ್ ಇರುತ್ತೆ."

ಅಪ್ಪ ಅದರ ಬೆಲೆಯ ಚೀಟಿಯನ್ನು ತಿರುಗಿಸಿ ನೋಡಿದ. ಮಲಗಿರುವ ಮಗುವಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಮತ್ತೆ ಮೊದಲಿನಂತೆ ತಿರುಗಿಸಿಟ್ಟ. "ಹಿಂದೆ ಲೈಟ್ ಇರೋದೇ ಸಾಕು."

ಲಾಯರಮ್ಮ ಒಂದೊಂದು ಟೀವಿಯ ಎದುರೂ ಸರಿಯಾಗಿ ಎಂಟು ಹೆಜ್ಜೆ ದೂರ ನಿಂತು ಗಿಳಿಯನ್ನು ನೋಡಿದಳು. ಕೊನೆಗೆ ಐವತ್ತೈದು ಇಂಚಿನ ಫೋರ್‌ಕೆ ಟೀವಿಯ ಕಡೆ ಬೆರಳು ತೋರಿಸಿದಳು. ಅಂಗಡಿಯ ಅಣ್ಣ ಬಿಲ್ ಬರೆದ.

ಮಾರನೇ ದಿನ ಟೀವಿ ಮನೆಗೆ ಬಂತು. ಮೇಜಿನ ಮೇಲೆ ಕೂತು ಅರ್ಧ ಗೋಡೆ ಮುಚ್ಚಿತು. ಅದರ ಮರುದಿನ ಕ್ಲಾಸಿನಲ್ಲಿ ಲಾಯರಮ್ಮ ಚುಕ್ಕಿಗಳ ಸಂಖ್ಯೆಯನ್ನು ಬೋರ್ಡಿನ ಮೇಲೇ ಬರೆದಳು. ಮೇಷ್ಟ್ರು ಬಂದು ಅದನ್ನು ಅಳಿಸುವವರೆಗೂ ಅವಳಿಗೆ ತುಂಬ ಗೌರವ ಸಿಕ್ಕಿತು.

ನಾಲ್ಕನೇ ದಿನ ಸಂಜೆ ಎಲ್ಲರೂ ಸೋಫಾದ ಮೇಲೆ ಕೂತು ಸೀರಿಯಲ್ ನೋಡುತ್ತಿದ್ದರು. ಎಲ್ಲರೂ ಎಂದರೆ ಅಪ್ಪ, ಅಮ್ಮ ಮತ್ತು ಲಾಯರಮ್ಮ. ಅಜ್ಜಿ ಎಂದಿನಂತೆ ಮೂಲೆಯಲ್ಲಿ, ಕಿಟಕಿಯ ಪಕ್ಕ, ಹೊಲಿಗೆ ಮೆಷಿನ್ನಿನ ಹಿಂದೆ ಇದ್ದಳು. ನಲವತ್ತು ವರ್ಷದಿಂದ ಊರಿನ ಪ್ಯಾಂಟುಗಳನ್ನೆಲ್ಲ ಉದ್ದ ಗಿಡ್ಡ ಮಾಡುತ್ತಿದ್ದವಳು ಅವಳು.

"ಪಾಪ," ಎಂದಳು ಅಜ್ಜಿ, ಟೀವಿಯ ಕಡೆ ನೋಡುತ್ತಾ. "ಅಷ್ಟು ದೊಡ್ಡ ಮನೆ. ಹುಡುಗಿಗೆ ಒಂದು ಒಳ್ಳೇ ಫ್ರಾಕ್ ಕೊಡ್ಸಿಲ್ಲ. ಒಗೆದೂ ಒಗೆದೂ ಬಣ್ಣವೇ ಹೋಗಿದೆ."

"ಅಜ್ಜಿ, ಅದು ಹೊಸಾ ಫ್ರಾಕು! ಈಗ ತಾನೇ ಅಂಗಡೀಲಿ ತಗೊಂಡ್ರಲ್ಲ. ಕಡುಗೆಂಪು."

"ಹೌದಾ?" ಎಂದಳು ಅಜ್ಜಿ. "ಹಾಗಾದ್ರೆ ಸರಿ ಬಿಡು." ಸೂಜಿಗೆ ದಾರ ಪೋಣಿಸತೊಡಗಿದಳು. ಒಂದೇ ಸಲಕ್ಕೆ ಪೋಣಿಸಿದಳು.

ಲಾಯರಮ್ಮ ಟೀವಿ ಬಿಟ್ಟು ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಏಳು ಥರದ ಕಪ್ಪು ದಾರಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡುವವಳು. ಅಂಥವಳಿಗೆ ಕೆಂಪು ಕಾಣುತ್ತಿಲ್ಲವೇ? ಕಣ್ಣಿಗೇನಾದರೂ ಆಯಿತೇ?

ಅವಳು ಎದ್ದು ಮೆಷಿನ್ನಿನ ಹತ್ತಿರ ಹೋದಳು. "ಅಜ್ಜಿ, ಈ ಗುಂಡಿ ಯಾವ ಬಣ್ಣ?"

"ನಿಂಗೇನಾಯ್ತೇ? ಕಂದು. ತುಸು ನೇರಳೆ ಬೆರೆತ ಕಂದು."

ಗುಂಡಿಯಲ್ಲಿ ನಿಜವಾಗಿಯೂ ತುಸು ನೇರಳೆ ಇತ್ತು. ಲಾಯರಮ್ಮನಿಗೆ ಸಮಾಧಾನವಾಯಿತು. ಸೋಫಾಕ್ಕೆ ಮರಳಲೆಂದು ತಿರುಗಿ, ಟೀವಿಯನ್ನು ನೋಡಿ, ಅಲ್ಲೇ ನಿಂತಳು.

ಅಲ್ಲಿಂದ ಕಾಣುತ್ತಿದ್ದದ್ದು ಬೇರೆಯೇ ಟೀವಿ. ಕಡುಗೆಂಪು ಫ್ರಾಕು ಹಳೇ ಚಿಂದಿಯಂತಿತ್ತು. ರಾತ್ರಿ ಎಂದರೆ ಬೂದಿ, ಮುಖಗಳೆಂದರೆ ಹಾಲಿನ ಕೆನೆ. ಯಾರೋ ಚಿತ್ರದ ಮೇಲೆ ಸೋಪಿನ ನೀರು ಚೆಲ್ಲಿದಂತಿತ್ತು.

"ಅಜ್ಜಿ, ನಿಂಗೆ ಹೀಗೇ ಕಾಣ್ತಿತ್ತಾ? ಹೇಳ್ಬಾರ್ದಾ?"

"ಮಾತು ಚೆನ್ನಾಗಿ ಕೇಳಿಸುತ್ತಲ್ಲ," ಎಂದಳು ಅಜ್ಜಿ. "ನೀನು ಅಷ್ಟು ಓದಿ ತಂದಿದೀಯ."

ಲಾಯರಮ್ಮ ಅಪ್ಪನನ್ನೂ ಅಮ್ಮನನ್ನೂ ಕರೆದು ಮೂಲೆಯಲ್ಲಿ ನಿಲ್ಲಿಸಿ ತೋರಿಸಿದಳು. "ಮೆಷಿನ್ ಈ ಕಡೆ ತರೋಣ್ವಾ?" ಎಂದ ಅಪ್ಪ. ಅಲ್ಲಿ ಬೆಳಕಿಲ್ಲ ಎಂದಳು ಅಜ್ಜಿ. ಅಪ್ಪ ಟೀವಿಯನ್ನೇ ಅಜ್ಜಿಯ ಕಡೆ ತಿರುಗಿಸಿದ. ಅಜ್ಜಿಗೆ ಫ್ರಾಕು ಕೆಂಪಾಯಿತು, ಸೋಫಾದ ಮೇಲೆ ಕೂತ ಅಮ್ಮನಿಗೆ ಬಿಳಿಚಿಕೊಂಡಿತು.

"ದಿನಕ್ಕೊಬ್ಬರ ಹಾಗೆ ತಿರುಗಿಸ್ಕೊಂಡು ನೋಡ್ಬಹುದು," ಎಂದಳು ಅಮ್ಮ. ಯಾರೂ ನಗಲಿಲ್ಲ.

ಲಾಯರಮ್ಮ ಬಿಲ್ ಹುಡುಕಿ ಓದಿದಳು. ಏಳು ದಿನದೊಳಗೆ ಬದಲಾಯಿಸಿಕೊಳ್ಳಬಹುದು ಎಂದು ಸಣ್ಣ ಅಕ್ಷರದಲ್ಲಿತ್ತು. ಇನ್ನು ಮೂರು ದಿನ. ಅಂದು ಊಟಕ್ಕೆ ಬಾ ಎಂದರೆ ಅವಳು ಒಂದೂ ಪಾಯಿಂಟ್ ಹೇಳದೆ ಬಂದು ಕೂತಳು. ಹುಷಾರಿಲ್ಲವೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಮಾರನೇ ದಿನ ಅಪ್ಪ ಅವಳನ್ನು ಕರೆದುಕೊಂಡು ಅಂಗಡಿಗೆ ಹೋದ. ಅಂಗಡಿಯ ಅಣ್ಣ ಒಂದು ಫಾರಂ ತೆಗೆದ.

"ಏನು ತೊಂದರೆ? ಆನ್ ಆಗಲ್ವಾ?"

"ಆಗುತ್ತೆ," ಎಂದಳು ಲಾಯರಮ್ಮ.

"ಸೌಂಡು?"

"ಬರುತ್ತೆ."

"ಗೆರೆ ಗಿರೆ ಬಿದ್ದಿದೆಯಾ?"

"ಇಲ್ಲ. ನಮ್ಮಜ್ಜಿ ಮೂಲೇಲಿ ಕೂರ್ತಾಳೆ."

ಅಣ್ಣ ಪೆನ್ನು ಕೆಳಗಿಟ್ಟ. "ಅದು ಟೀವಿ ತೊಂದರೆ ಅಲ್ವಲ್ಲ ಮರಿ."

ಲಾಯರಮ್ಮ ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದಳು. ದಾರಿಯುದ್ದಕ್ಕೂ ಮೂರು ಪಾಯಿಂಟ್ ಬಾಯಿಪಾಠ ಮಾಡಿದ್ದಳು. ಆದರೆ ಬಾಯಿಗೆ ಬಂದದ್ದು ಬೇರೆ.

"ಅಲ್ಲ. ನನ್ನ ತೊಂದರೆ. ನಾನು ಎಲ್ಲಾನೂ ಎದುರಿಂದಾನೇ ನೋಡ್ದೆ."

ಅಣ್ಣ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ಫಾರಂನಲ್ಲಿ 'ದೋಷ' ಎಂದಿದ್ದ ಕಡೆ 'ಅಜ್ಜಿ ಮೂಲೆಯಲ್ಲಿ' ಎಂದು ಬರೆದ. "ಬಾ. ಪ್ಯಾನೆಲ್‌ನಲ್ಲೂ, ಅಂದ್ರೆ ಪರದೇಲೂ, ಎರಡು ಥರ ಇದೆ. ಒಂದರಲ್ಲಿ ಕಪ್ಪು ಒಳ್ಳೇ ಕಪ್ಪಾಗಿರುತ್ತೆ, ಆದ್ರೆ ಎದುರೇ ಕೂರ್ಬೇಕು. ಇನ್ನೊಂದರಲ್ಲಿ ಕಪ್ಪು ಸ್ವಲ್ಪ ಕಡಿಮೆ, ಆದ್ರೆ ಪಕ್ಕದಿಂದ ನೋಡಿದ್ರೂ ಬಣ್ಣ ಕೆಡಲ್ಲ. ನಿಮ್ಮ ಬಜೆಟ್ಟಿಗೆ ಆ ಥರದ್ದು ಒಂದೇ ಉಳಿದಿರೋದು. ನಲವತ್ಮೂರು ಇಂಚು." ಅವನು ಕೆಮ್ಮಿದ. "ಫುಲ್ ಎಚ್‌ಡಿ."

ಇಪ್ಪತ್ತು ಲಕ್ಷ ಚಿಲ್ಲರೆ.

ಲಾಯರಮ್ಮ ಒಂದು ಸ್ಟೂಲ್ ಕೇಳಿ ತೆಗೆದುಕೊಂಡಳು. ಅದನ್ನು ಟೀವಿಯ ಪಕ್ಕಕ್ಕೆ, ಫ್ಯಾನ್ ಡಬ್ಬಗಳ ಸಂದಿಗೆ, ಎಳೆದುಕೊಂಡು ಹೋಗಿ ಕೂತಳು. ಬೆನ್ನು ಬಾಗಿಸಿ, ಕೈಯಲ್ಲಿ ಪ್ಯಾಂಟ್ ಇರುವಂತೆ ತಲೆ ತಗ್ಗಿಸಿ, ಆಗಾಗ ಕತ್ತೆತ್ತಿ ನೋಡಿದಳು. ಗಿಳಿ ಹಸಿರಾಗಿಯೇ ಇತ್ತು. ಗಿರಾಕಿಯೊಬ್ಬರು ಅವಳನ್ನು ಸುತ್ತು ಹಾಕಿಕೊಂಡು ಹೋದರು.

"ಆಮೇಲೆ ಚುಕ್ಕಿ ಕಡಿಮೆ ಆಯ್ತು ಅಂತ ಬರ್ಬಾರ್ದು," ಎಂದ ಅಣ್ಣ.

"ಬರಲ್ಲ," ಎಂದಳು ಅವಳು.

ಸ್ಕೂಲಿನಲ್ಲಿ ಈ ವಿಷಯ ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. "ಅರವತ್ತೆರಡು ಲಕ್ಷ ಲಾಸಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಹೌದು ಎಂದಳು. ಎರಡು ದಿನ ಅದೇ ಅವಳ ಹೆಸರಾಯಿತು. ಮೂರನೇ ದಿನ ಇನ್ನೊಬ್ಬಳು ಎರಡೂ ಕಾಲಿಗೆ ಬೇರೆ ಬೇರೆ ಶೂ ಹಾಕಿಕೊಂಡು ಬಂದಳು. ಎಲ್ಲರೂ ಅತ್ತ ತಿರುಗಿದರು.

ಭಾನುವಾರ ಸಂಜೆ, ಬದಲಾಗಿ ಬಂದ ಟೀವಿಯಲ್ಲಿ, ಒಂದು ಸಿನಿಮಾ ಇತ್ತು. ನಾಯಕ ಪಾರ್ಕಿನಲ್ಲಿ ನಿಂತು ಗಂಭೀರವಾಗಿ ಭಾಷಣ ಮಾಡುತ್ತಿದ್ದ. ಅವನ ಹಿಂದೆ, ದೂರದಲ್ಲಿ, ದಪ್ಪ ಮನುಷ್ಯನೊಬ್ಬ ಆಗಷ್ಟೇ ಬಣ್ಣ ಬಳಿದಿದ್ದ ಬೆಂಚಿನ ಮೇಲೆ ಕೂತ. ಎದ್ದ. ಅವನ ಬಿಳೀ ಪ್ಯಾಂಟಿನ ಮೇಲೆ ಮೂರು ಹಸಿರು ಪಟ್ಟಿ.

ಮೂಲೆಯಿಂದ ಜೋರಾಗಿ ನಗು ಬಂತು. ಅಪ್ಪ, ಅಮ್ಮ ಇಬ್ಬರೂ ತಿರುಗಿ ನೋಡಿದರು.

ಈ ನಗು ಯಾವಾಗಲೂ ಕೊನೆಗೆ ಬರುತ್ತಿತ್ತು. ಮೊದಲು ಸೋಫಾದವರು ನಗುತ್ತಿದ್ದರು, ಆಮೇಲೆ ಅಜ್ಜಿ. ಹಳೇ ಟೀವಿ ಇದ್ದಾಗಲೂ ಹಾಗೆಯೇ. ಅಜ್ಜಿಗೆ ಜೋಕು ತಡವಾಗಿ ಅರ್ಥವಾಗುತ್ತದೆ ಎಂದೇ ಲಾಯರಮ್ಮ ಇಷ್ಟು ದಿನ ಅಂದುಕೊಂಡಿದ್ದಳು.

"ಏನಾಯ್ತು ಅತ್ತೆ?" ಎಂದಳು ಅಮ್ಮ.

"ನೋಡ್ಲಿಲ್ವಾ? ನೀವ್ಯಾರೂ ನೋಡ್ಲಿಲ್ವಾ?" ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕೈಲಿದ್ದ ಪ್ಯಾಂಟನ್ನು ಮಡಿಲಲ್ಲಿಟ್ಟು ಮೊದಲಿನಿಂದ ಹೇಳತೊಡಗಿದಳು. ಬೆಂಚು ಎಲ್ಲಿತ್ತು, ಆ ಮನುಷ್ಯ ಹೇಗೆ ಕೂತ, ಪಟ್ಟಿ ಎಷ್ಟು ಅಗಲ.

ಲಾಯರಮ್ಮ ಅದನ್ನು ನೋಡಿದ್ದಳು. ಆದರೂ ನೋಡಿಲ್ಲದವಳ ಹಾಗೆ ಪೂರ್ತಿ ತಿರುಗಿ ಕೂತು, ಕೊನೆಯವರೆಗೂ ಕೇಳಿದಳು.